ಉಬ್ಬಿನ ಅಳತೆ

ನಮ್ಮ ಯಜಮಾನರು ದರ್ಜಿ. ಅವರ ಬಾಯಿಂದ ಯಾವ ಗಿರಾಕಿಯ ಸೊಂಟದ ನಿಜವಾದ ಅಳತೆಯೂ ಹೊರಬಿದ್ದದ್ದನ್ನು ನಾನು ಕಂಡಿಲ್ಲ. ಹೊಟ್ಟೆ ಹೊತ್ತು ಬಂದವರು ಕನ್ನಡಿಯ ಮುಂದೆ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಇವರು ಟೇಪು ಸುತ್ತಿ, ಮೂರಿಂಚು ಕಡಿಮೆ ಮಾಡಿ ಗಟ್ಟಿಯಾಗಿ ಕೂಗುತ್ತಾರೆ. ಬಟ್ಟೆಯನ್ನು ಮಾತ್ರ ಸರಿಯಾದ ಅಳತೆಗೇ ಕತ್ತರಿಸುತ್ತಾರೆ. ಗಿರಾಕಿ ತಾನು ತೆಳ್ಳಗಾದೆನೆಂದು ಹಿಗ್ಗಿ, ಮನೆಗೆ ಹೋಗಿ ಇನ್ನೆರಡು ತುತ್ತು ಹೆಚ್ಚಿಗೆ ತಿನ್ನುತ್ತಾನೆ. ಊರಿನ ದಪ್ಪಗಿನವರೆಲ್ಲ ನಮ್ಮ ಅಂಗಡಿಯನ್ನೇ ಹುಡುಕಿಕೊಂಡು ಬರುವುದಕ್ಕೆ ಇದೇ ಕಾರಣ.

ಇಂಥ ಯಜಮಾನರ ಬೆರಳ ಗೆಣ್ಣುಗಳು ಹೋದ ವರ್ಷ ಊದಿಕೊಂಡವು. ಬೆಳಗ್ಗೆ ಎದ್ದರೆ ಮುಷ್ಟಿ ಕಟ್ಟಲಾಗದು. ಕತ್ತರಿ ನನ್ನ ತಮ್ಮನ ಕೈಗೆ ಹೋಯಿತು. ಒಡಹುಟ್ಟಿದವನೆಂದು ಸುಳ್ಳು ಹೇಳಲಾರೆ, ಅವನು ಕತ್ತರಿಸಿದ ಪ್ಯಾಂಟಿನ ಎರಡು ಕಾಲುಗಳಿಗೂ ಎಣ್ಣೆ ಸೀಗೆಕಾಯಿ. ಯಜಮಾನರು ಮೂಲೆಯ ಸ್ಟೂಲಿನ ಮೇಲೆ ಕೂತು ಅದನ್ನು ನೋಡುತ್ತ ಹಲ್ಲು ಕಡಿಯುತ್ತಿದ್ದರು. ಮತ್ತೆ ಕತ್ತರಿ ಹಿಡಿಯದಿದ್ದರೆ ಈ ಮನುಷ್ಯ ಕೊರಗಿಯೇ ಸಾಯುತ್ತಾರೆಂದು ನನಗೆ ಭಯವಾಗಿತ್ತು.

ಕೀಲುರೋಗದ ಡಾಕ್ಟರು ಬಿಡಿಸಿ ಹೇಳಿದರು. "ನಿಮ್ಮ ಮೈ ಕಾಯೋ ಕಾವಲುಗಾರರೇ ನಿಮ್ಮ ಕೀಲುಗಳನ್ನ ಕಳ್ಳರು ಅಂದ್ಕೊಂಡು ಹೊಡೀತಿದಾರೆ. ಅವರನ್ನ ಸುಮ್ನಿರಿಸೋ ಇಂಜೆಕ್ಷನ್ ಇದೆ. ಚಿಕ್ಕಂದಿನಲ್ಲಿ ನಿಮ್ಮನೇಲಿ ಯಾರಿಗಾದ್ರೂ ಟಿಬಿ ಇತ್ತಾ?"

"ನಮ್ಮಪ್ಪಂಗಿತ್ತು. ನಂಗೇನೂ ಆಗ್ಲಿಲ್ಲ."

"ಕಾಯಿಲೆ ಆಗ್ಲಿಲ್ಲ ಅಂದ್ರೆ ಕ್ರಿಮಿ ಹೊಕ್ಕಿಲ್ಲ ಅಂತಲ್ಲ. ಅದನ್ನ ಎದೇಲಿ ಕೂಡಿಹಾಕಿ ಇದೇ ಕಾವಲುಗಾರರು ಬಾಗಿಲು ಕಾಯ್ತಿರಬಹುದು. ಅವರನ್ನ ಮಲಗಿಸಿದ್ರೆ ಅದು ಎದ್ದು ಬರತ್ತೆ."

ಅದಕ್ಕೇ ಒಂದು ಪರೀಕ್ಷೆ. ತೋಳಿನ ಚರ್ಮದೊಳಗೆ ಒಂದು ಹನಿ ಚುಚ್ಚಿದರು. ಎರಡು ದಿನ ಬಿಟ್ಟು ಬಂದರೆ, ಅಲ್ಲಿ ಎದ್ದ ಉಬ್ಬನ್ನು ನರ್ಸು ಅಳೆಯುತ್ತಾಳೆ. ದೊಡ್ಡದಾಗಿದ್ದರೆ ಮೊದಲು ಟಿಬಿ ಕ್ರಿಮಿಗೆ ಮಾತ್ರೆ, ಆಮೇಲೆ ಇಂಜೆಕ್ಷನ್. ಅಲ್ಲಿಯವರೆಗೆ ಕತ್ತರಿ ತಮ್ಮನ ಕೈಯಲ್ಲೇ.

ಅಳೆಸಲು ಹೋಗಬೇಕಾದ ಬೆಳಗ್ಗೆ ಉಬ್ಬು ಕೋಟಿನ ಗುಂಡಿಯಷ್ಟಾಗಿತ್ತು. "ರೀ, ಇದೇನು ಸಣ್ಣದಲ್ಲ" ಅಂದೆ. "ಅಳತೆ ನಂಗೆ ಹೇಳಿಕೊಡ್ತೀಯಾ?" ಎಂದು ಅಂಗಿಯ ತೋಳು ಇಳಿಸಿಕೊಂಡು ಹೊರಟರು. ಸಂಜೆ ಬಂದು "ಪಾಸಾದೆ" ಅಂದರು. ನಾನೂ ನಂಬಿದೆ.

ಅಲ್ಲಿ ನಡೆದದ್ದನ್ನು ಬಹಳ ದಿನಗಳ ಮೇಲೆ ನರ್ಸಮ್ಮನೇ ನನ್ನೆದುರು ಅಳುತ್ತ ಹೇಳಿದಳು. ಅವಳು ನಮ್ಮ ಹಳೇ ಗಿರಾಕಿ. ಅವತ್ತು ಬಾಗಿಲ ತನಕ ಜನ, ಅವಳ ಕೈಯಲ್ಲಿ ಅಳುವ ಮಗು. "ನೀವೇ ಅಳೆದುಬಿಡಿ ಮಾಸ್ಟ್ರೇ," ಅಂದಳಂತೆ, "ನಿಮ್ಮ ಟೇಪನ್ನ ನಂಬದೆ ಇನ್ಯಾರನ್ನ ನಂಬಲಿ? ನನ್ನ ಸೊಂಟ ಮದುವೆಗೆ ಮುಂಚೆ ಇದ್ದಷ್ಟೇ ಇದೆ ಅಂತ ಹೇಳೋರು ನೀವೊಬ್ರೇ." ಇವರು ಕತ್ತಿನ ಟೇಪು ತೆಗೆದರು, ಗೆರೆ ನೋಡಿದರು, ರೂಢಿಯ ಪ್ರಕಾರ ಕಡಿಮೆ ಕೂಗಿದರು. ಅವಳು ಬರೆದುಕೊಂಡಳು. ಅಂಗಡಿಯಲ್ಲಾದರೆ ಸುಳ್ಳು ಹೇಳುವ ಬಾಯಿಯೂ ನಿಜ ಕತ್ತರಿಸುವ ಕೈಯೂ ಒಬ್ಬರದೇ. ಇಲ್ಲಿ ಕತ್ತರಿಸಬೇಕಾದವರು ಡಾಕ್ಟರು, ಅವರಿಗೆ ಸಿಕ್ಕಿದ್ದು ಬಾಯಿಮಾತು ಮಾತ್ರ.

ಇಂಜೆಕ್ಷನ್ನು ಕೆಲಸ ಮಾಡಿತು, ಇಲ್ಲವೆನ್ನಲಾರೆ. ಬೆರಳುಗಳ ಬಿಗಿ ಬಿಟ್ಟಿತು, ಕತ್ತರಿ ಮತ್ತೆ ಸರಾಗವಾಗಿ ಓಡಿತು, ನನ್ನ ತಮ್ಮ ಗುಂಡಿಗೆ ಕಾಜಾ ಹೊಲಿಯಲು ಕೂತ. ಯಜಮಾನರು ಸಿಳ್ಳೆ ಹಾಕುತ್ತಿದ್ದರು. ನನಗೂ ಸ್ವರ್ಗಕ್ಕೆ ಮೂರೇ ಗೇಣು.

ಆಮೇಲೆ ಸಂಜೆ ಜ್ವರ, ಬಿಡದ ಕೆಮ್ಮು, ಸೊಂಟದಲ್ಲಿ ನಿಲ್ಲದ ಪ್ಯಾಂಟು. "ಪರವಾಗಿಲ್ಲ, ತೆಳ್ಳಗಾದೆ" ಎಂದು ಕನ್ನಡಿಯ ಮುಂದೆ ತಿರುಗಿ ನೋಡಿಕೊಂಡರು. ಕಫದಲ್ಲಿ ರಕ್ತ ಬಂದ ದಿನ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಅಪ್ಪನಿಂದ ಬಂದು ಇಷ್ಟು ಕಾಲ ಎದೆಯಲ್ಲಿ ಮಲಗಿದ್ದ ಟಿಬಿ ಎದ್ದಿತ್ತು. ಕೀಲು ಕಚ್ಚುತ್ತಿದ್ದ ಪುಂಡ ಕಾವಲುಗಾರರೇ ಅದನ್ನು ಕಾಯುತ್ತಿದ್ದವರಂತೆ.

ಇಂಜೆಕ್ಷನ್ ನಿಂತಿತು, ಮಾತ್ರೆ ಶುರುವಾಯಿತು, ಗೆಣ್ಣುಗಳು ಮತ್ತೆ ಊದಿದವು. ಕಾಯಿಲೆ ಅಂಟುವ ದಿನಗಳು ಮುಗಿದವೆಂದು ಡಾಕ್ಟರು ಹೇಳಿದ ಮೇಲೆ ಅಂಗಡಿಗೆ ಹೋಗಿ ಕೂರತೊಡಗಿದರು. "ನನ್ನ ಕೈ ಹಾಳು ಮಾಡ್ತಿರೋದು ಈ ಮಾತ್ರೆಗಳೇ" ಎಂದು ಗೊಣಗುತ್ತ, ಅಂಗಡಿಯಲ್ಲೇ ನುಂಗುತ್ತೇನೆಂದು ಮಾತ್ರೆಯ ಪಟ್ಟಿಯನ್ನು ಜೇಬಿಗಿಳಿಸುತ್ತಿದ್ದರು.

ಒಂದು ದಿನ ಗುಂಡಿಯ ಡಬ್ಬದಲ್ಲಿ ಕೈಯಾಡಿಸಿದರೆ ಒಡೆಯದ ಪಟ್ಟಿಗಳು ಸಿಕ್ಕವು. ನನ್ನ ಪಿತ್ತ ನೆತ್ತಿಗೇರಿತು. ಕನ್ನಡಿಯ ಮುಂದೆ ದಪ್ಪ ಗಿರಾಕಿಯೊಬ್ಬ ಉಸಿರು ಬಿಗಿಹಿಡಿದು ನಿಂತಿದ್ದ, ನನ್ನ ತಮ್ಮ ಬಟ್ಟೆ ಹಾಸುತ್ತಿದ್ದ. ನಾನು ಯಜಮಾನರ ಕತ್ತಿನಿಂದ ಟೇಪು ಎಳೆದುಕೊಂಡೆ.

"ಏಳಿ ಮೇಲೆ."

ಅವರ ಸೊಂಟಕ್ಕೆ ಟೇಪು ಸುತ್ತಿದೆ. ಇವರು ಹೊಟ್ಟೆ ಉಬ್ಬಿಸಿದರು. ನನ್ನ ಕಿವಿಯ ಹತ್ತಿರ ಬಾಗಿ, "ಜನ ಇದಾರೆ, ಮೂರಿಂಚು ಜಾಸ್ತಿ ಹೇಳೇ" ಅಂದರು.

"ಇಪ್ಪತ್ತಾರು!" ಬೀದಿಗೆ ಕೇಳುವ ಹಾಗೆ ಕೂಗಿದೆ. ಆ ಅಂಗಡಿಯ ಗೋಡೆಗಳು ಮೊದಲ ಸಲ ನಿಜವಾದ ಅಳತೆ ಕೇಳಿದವು. ಗಾಬರಿಯಾದ ಗಿರಾಕಿ ಹಿಡಿದಿದ್ದ ಉಸಿರು ಬಿಟ್ಟ, ಅವನ ಹೊಟ್ಟೆ ತನ್ನ ಜಾಗಕ್ಕೆ ಬಂತು.

ಯಜಮಾನರು ಟೇಪನ್ನು ತಮ್ಮ ಕಡೆ ತಿರುಗಿಸಿಕೊಂಡು ಓದಿದರು. ಇನ್ನೊಮ್ಮೆ ಓದಿದರು. ಉಬ್ಬಿಸಿದ್ದ ಹೊಟ್ಟೆ ಇಳಿಯಿತು, ಟೇಪು ಸಡಿಲವಾಯಿತು. ಆಮೇಲೆ ಡಬ್ಬದಿಂದ ಒಂದು ಪಟ್ಟಿ ಎತ್ತಿಕೊಂಡು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಮಾತ್ರೆ ಅಲುಗಲಿಲ್ಲ.

"ನೀನೇ ಒತ್ತಿ ಕೊಡೇ, ಕೈಲಾಗ್ತಿಲ್ಲ" ಅಂದರು.