ಚೋಟಿಯ ಪಾಲಿನ ಗಂಟೆ

ಪ್ರಾರ್ಥನೆಗೆ ಕೂತು ನಿದ್ದೆ ಹೋದವರು ಲೋಕದಲ್ಲಿ ಇವಳೊಬ್ಬಳೇ ಅಲ್ಲ. ಭಾನುವಾರದ ಪ್ರಸಂಗ ಸ್ವಲ್ಪ ಉದ್ದವಾದಾಗ ಯಾವ ಚರ್ಚಿನ ಹಿಂದಿನ ಬೆಂಚುಗಳನ್ನಾದರೂ ಒಮ್ಮೆ ತಿರುಗಿ ನೋಡಿ, ನಿಮಗೇ ತಿಳಿಯುತ್ತದೆ. ಆದರೆ ನಿದ್ದೆ ಹೋದದ್ದಕ್ಕೇ ದೊಡ್ಡ ಭಕ್ತೆ ಎನ್ನಿಸಿಕೊಂಡವಳು ಬಹುಶಃ ಇವಳೊಬ್ಬಳೇ ಇರಬೇಕು. ಪಾಪ, ಅದು ಅವಳು ಕೇಳಿ ಪಡೆದ ಪದವಿಯೂ ಅಲ್ಲ.

ಹಾಸ್ಟೆಲಿನಲ್ಲಿ ಅವಳನ್ನು ಎಲ್ಲರೂ ಚೋಟಿ ಎನ್ನುತ್ತಿದ್ದರು, ಚೋಟುದ್ದ ಇದ್ದದ್ದಕ್ಕೆ. ಬಿಎಸ್ಸಿ ಎರಡನೇ ವರ್ಷ, ಕೆಮಿಸ್ಟ್ರಿ. ಮನೆಯಲ್ಲಿ ಅವಳ ಅಣ್ಣ ಇನ್ನೊಂದು ಹೆಸರಿಟ್ಟಿದ್ದ, ಕುಂಭಕರ್ಣನ ತಂಗಿ ಎಂದು. ಆ ಹೆಸರು ಹಾಸ್ಟೆಲಿನವರಿಗೆ ಗೊತ್ತಿದ್ದರೆ ಮುಂದಿನ ರಗಳೆಯೆಲ್ಲ ತಪ್ಪುತ್ತಿತ್ತು.

ಹಾಸ್ಟೆಲಿನ ಕ್ರೈಸ್ತ ಹುಡುಗಿಯರದು ಒಂದು ಪ್ರಾರ್ಥನಾ ಗುಂಪು. ಅದರ ಮುಂದಾಳು ಕೊನೆಯ ವರ್ಷದ ಹುಡುಗಿ. ಎಲ್ಲರ ಬಾಯಲ್ಲೂ ಲೀಡರಕ್ಕ. ಅವಳ ಅಪ್ಪ ಲಾರಿ ಓಡಿಸುವವರು, ಚರ್ಚು ಎಂದರೆ ಮಾರುದೂರ ಓಡುವವರು. ಅಂಥವರು ಒಂದು ದಿನ ಸ್ಟೇರಿಂಗಿನ ಮೇಲೆಯೇ ಎದೆ ಹಿಡಿದುಕೊಂಡು ಬಿದ್ದರು. ಆಸ್ಪತ್ರೆಗೆ ಸೇರಿಸಿದರೂ ಎಚ್ಚರವಿಲ್ಲ. ಲೀಡರಕ್ಕ ಅಳುತ್ತಾ ಓಡಿದಳು. ಉಳಿದ ಹುಡುಗಿಯರು ಸರಪಳಿ ಪ್ರಾರ್ಥನೆ ಹಿಡಿದರು.

ಸರಪಳಿ ಪ್ರಾರ್ಥನೆ ಎಂದರೆ ಗೊತ್ತಲ್ಲ? ಒಬ್ಬೊಬ್ಬರಿಗೆ ಒಂದೊಂದು ಗಂಟೆ. ಒಬ್ಬಳು ಏಳುವ ಮೊದಲು ಇನ್ನೊಬ್ಬಳು ಬಂದು ಕೂರಬೇಕು, ನಡುವೆ ಕೊಂಡಿ ಕಳಚಬಾರದು. ಮೇಲಿನ ಮಹಡಿಯ ಕೊನೆಯಲ್ಲಿ ಹಳೆ ಹಾಸಿಗೆ ತುಂಬಿದ್ದ ಕೋಣೆಯೊಂದನ್ನು ಗುಡಿಸಿ, ಒಂದು ಬೆತ್ತದ ಕುರ್ಚಿ, ಒಂದು ಚಾಪೆ ಹಾಕಿದ್ದರು. ಚಾಪೆಯ ಮೇಲೆ ಮೊಣಕಾಲೂರಿ, ಕುರ್ಚಿಯ ಮೇಲೆ ಕೈಯೂರಿ ಬೇಡಿಕೊಳ್ಳಬೇಕು.

ಚೋಟಿಯ ಪಾಲಿಗೆ ಬಂದದ್ದು ಮಧ್ಯಾಹ್ನದ ಊಟದ ಮರುಗಂಟೆ. ಹಿಂದಿನ ರಾತ್ರಿಯಿಡೀ ಇಂಟರ್ನಲ್ ಪರೀಕ್ಷೆಗೆಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದ್ದಳು. ಅವತ್ತು ಮೆಸ್ಸಿನಲ್ಲಿ ಹುರಿದ ಆಲೂಗಡ್ಡೆ. ಅಡುಗೆಯಮ್ಮ ಬೇಡವೆಂದರೂ ಎರಡು ಸೌಟು ಹೆಚ್ಚೇ ಬಡಿಸಿದ್ದರು. ಚೋಟಿ ಮೊಣಕಾಲೂರಿದಳು, ಕಣ್ಣು ಮುಚ್ಚಿದಳು, "ಕರ್ತನೇ, ಲೀಡರಕ್ಕನ ಅಪ್ಪನನ್ನ..." ಎಂದು ಮನಸ್ಸಿಟ್ಟೇ ಶುರು ಮಾಡಿದಳು. ಆ ಮಾತು ಮುಗಿಯಲೇ ಇಲ್ಲ.

ಬಾಗಿಲು ತಟ್ಟಿದ ಸದ್ದಿಗೆ ಬೆಚ್ಚಿ ಎದ್ದಾಗ ಮುಂದಿನ ಸರದಿಯ ಹುಡುಗಿ ಎದುರಿಗಿದ್ದಳು. ಚೋಟಿಯ ಕಣ್ಣು ಕೆಂಪು, ಕೆನ್ನೆಯ ಮೇಲೆ ಬೆತ್ತದ ಅಚ್ಚು, ಕುರ್ಚಿ ಒದ್ದೆ.

"ಅಯ್ಯೋ ಚೋಟಿ, ಎಷ್ಟು ಅತ್ತಿದ್ದೀಯೇ!" ಎಂದು ಆ ಹುಡುಗಿಯ ಕಣ್ಣಲ್ಲೂ ನೀರು ತುಂಬಿತು.

ಕುರ್ಚಿಯ ಮೇಲಿನ ಒದ್ದೆ ಏನೆಂದು ಚೋಟಿಗೆ ಚೆನ್ನಾಗಿ ಗೊತ್ತಿತ್ತು. ಹೇಳಬಹುದಿತ್ತು. ನಾಚಿಕೆಯಾಯಿತು, ದುಪಟ್ಟಾದ ತುದಿಯಿಂದ ಒರೆಸಿ, ತಲೆ ತಗ್ಗಿಸಿ ಹೊರಗೆ ನಡೆದಳು. ಸಂಜೆ ಫೋನ್ ಬಂತು: ಅಪ್ಪ ಕಣ್ಣು ಬಿಟ್ಟರು, ಮಗಳನ್ನು ಗುರುತಿಸಿದರು. ಯಾವಾಗ? ಊಟದ ಹೊತ್ತು ಕಳೆದ ಮೇಲೆ. ಆಗ ಯಾರ ಗಂಟೆ? ಚೋಟಿಯದು! ಹುಡುಗಿಯರು ಅವಳನ್ನು ತಬ್ಬಿ ಎತ್ತಿ ಒಂದು ಸುತ್ತು ತಿರುಗಿಸಿದರು. ಕಾಗೆ ಕೂತಿತು, ಕೊಂಬೆ ಮುರಿಯಿತು; ಇಲ್ಲಿ ಕಾಗೆ ಕೂತೂ ಇರಲಿಲ್ಲ, ಮಲಗಿತ್ತು.

ಲೀಡರಕ್ಕನ ಅಪ್ಪ ಚೇತರಿಸಿಕೊಂಡು ಮೊದಲು ಮಾಡಿದ ಕೆಲಸವೆಂದರೆ ಚರ್ಚಿಗೆ ಬಂದದ್ದು. ದೇವರು ಮಾಡಿದ ಉಪಕಾರಕ್ಕೆ ಸಭೆಯ ಮುಂದೆ ಸಾಕ್ಷಿ ಹೇಳುವ ಸಮಯದಲ್ಲಿ ಮಗಳ ಹೆಗಲು ಹಿಡಿದು ನಿಂತರು. "ನನಗೆ ಮಾತಾಡೋಕೆ ಬರಲ್ಲ. ನಾನು ಸಾಯ್ತಾ ಬಿದ್ದಿದ್ದಾಗ, ಮುಖ ನೋಡಿರದ ಹುಡುಗಿ ಒಬ್ಬಳು ನನಗೋಸ್ಕರ ಒಂದು ಗಂಟೆ ಅತ್ತಳಂತೆ. ನನ್ನ ಹೆಂಡತಿ ಸತ್ತಾಗ ನಾನೇ ಅಷ್ಟು ಅತ್ತಿರಲಿಲ್ಲ," ಎಂದರು. ಇಡೀ ಸಭೆ ಮೂಗೊರೆಸಿಕೊಂಡಿತು. ಸಭಾಪಾಲಕರು ಚೋಟಿಯನ್ನು ಮುಂದಕ್ಕೆ ಕರೆದರು. ಅವಳು ನಡುಗುವ ದನಿಯಲ್ಲಿ "ದೇವರಿಗೆ ಸ್ತೋತ್ರ" ಎಂದಷ್ಟೇ ಹೇಳಿ ಬಂದು ಕೂತಳು. ಅಷ್ಟೇ ಮಾತಿಗೆ, ಎಂಥ ದೀನ ಮಗು ಎಂದು ಹಿರಿಯರು ತಲೆದೂಗಿದರು.

ಅವತ್ತಿನಿಂದ ಚೋಟಿಗೆ ಪ್ರಾರ್ಥನೆ ಕಹಿಯಾಯಿತು. ಬೆಳಿಗ್ಗೆ ಎದ್ದು ಮೊಣಕಾಲೂರಿದರೆ ಬಾಯಿಪಾಠದ ಮಾತು ಬರುತ್ತಿತ್ತು, ಹಿಂದೆ ಮನಸ್ಸು ಬರುತ್ತಿರಲಿಲ್ಲ. ನಾನು ಮಲಗಿದ್ದಾಗ ದೇವರು ಆ ಮನುಷ್ಯನನ್ನು ಉಳಿಸಿದ ಎಂದಾದರೆ ನನ್ನ ಬೇಡಿಕೆ ಅವನಿಗೇಕೆ ಬೇಕು? ಅವನು ಉಳಿಸಲೇ ಇಲ್ಲ, ಡಾಕ್ಟರ ಔಷಧಿ ಉಳಿಸಿತು ಎಂದಾದರೆ ನಾನು ಚಿಕ್ಕಂದಿನಿಂದ ಮಾತಾಡುತ್ತ ಬಂದದ್ದು ಯಾರ ಜೊತೆ? ಇದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಅವನು ಇದ್ದಾನೆ, ಎಲ್ಲ ನೋಡಿದ್ದಾನೆ, ನಾನು ಬಾಯಿ ಬಿಡುವುದನ್ನೇ ಕಾಯುತ್ತಿದ್ದಾನೆ ಎಂಬುದು. ಲ್ಯಾಬಿನಲ್ಲಿ ಬ್ಯೂರೆಟ್ಟಿನಿಂದ ಹನಿ ಹನಿಯಾಗಿ ದ್ರಾವಣ ಬಿಡುವಾಗ ಮೇಡಂ ದಿನಾ ಹೇಳುವ ಮಾತಿತ್ತು: "ಕಂಡಿದ್ದನ್ನ ಬರೀರಿ, ಕಾಣ್ಬೇಕಾಗಿದ್ದನ್ನ ಬರೀಬೇಡಿ." ಅದನ್ನು ಕೇಳಿದಾಗೆಲ್ಲ ಚೋಟಿಗೆ ಎದೆಯಲ್ಲಿ ಮುಳ್ಳಾಡಿದಂತಾಗುತ್ತಿತ್ತು.

ಜನ ಸುಮ್ಮನಿರುತ್ತಾರೆಯೇ? ಒಬ್ಬಳು ಪಾಸಾಗಲಿ ಎಂದು ಬಂದಳು, ಇನ್ನೊಬ್ಬಳು ಅಕ್ಕನ ಮದುವೆ ಕೂಡಿಬರಲಿ ಎಂದು ಬಂದಳು. ವಾರ್ಡನ್ ತಮ್ಮ ಬೆನ್ನುನೋವನ್ನೇ ತಂದರು. ಇವೆಲ್ಲವನ್ನೂ ಚೋಟಿ ಹೇಗೋ ತೇಲಿಸಿದಳು. ಆಮೇಲೆ ಬಂದವರು ಅಡುಗೆಯಮ್ಮ.

ಗಂಡ ಸತ್ತ ಮೇಲೆ ಹಾಸ್ಟೆಲಿನ ಒಲೆಯನ್ನೇ ನಂಬಿಕೊಂಡಿದ್ದ ಹೆಂಗಸು. ಮಕ್ಕಳಿಲ್ಲ. ಅದೇ ಚರ್ಚಿನ ಹಿಂದಿನ ಬೆಂಚಿನವರು. ಒಂದು ಮಧ್ಯಾಹ್ನ ಪಾತ್ರೆ ತೊಳೆದು ಮುಗಿಸಿ, ಚೋಟಿಯನ್ನು ಅಡುಗೆಮನೆಗೆ ಕರೆದು, ಕದ ಹಾಕಿ, ಸೆರಗು ಸರಿಸಿ ಎದೆಯ ಪಕ್ಕದ ಗಂಟನ್ನು ಮುಟ್ಟಿ ತೋರಿಸಿದರು.

"ಡಾಕ್ಟ್ರು ಆಪರೇಷನ್‌ಗೆ ದಿನ ಕೊಟ್ಟಿದ್ದಾರೆ. ನಾನು ಹೋಗಲ್ಲ ಕಣೇ. ಲಾರಿಯವರನ್ನ ಎಬ್ಬಿಸಿದ ಕಣ್ಣೀರು ನನ್ನ ಗಂಟನ್ನ ಕರಗಿಸಲ್ವಾ? ನನಗೆ ಕತ್ತಿ ಬೇಡ, ನಿನ್ನ ಪ್ರಾರ್ಥನೆ ಸಾಕು."

ಚೋಟಿ ಅವರ ಕೈ ಹಿಡಿದುಕೊಂಡಳು. "ಆಂಟಿ, ಆಸ್ಪತ್ರೆಗೆ ಹೋಗಿ. ನಾನು ಅವತ್ತು ಪ್ರಾರ್ಥನೆನೇ ಮಾಡ್ಲಿಲ್ಲ!"

ಅಡುಗೆಯಮ್ಮ ಅವಳ ಗಲ್ಲ ಹಿಡಿದು ನಕ್ಕರು. "ನೋಡು, ನಿಜವಾದ ಭಕ್ತರು ಹೀಗೇ ಹೇಳೋದು. ಮಾಡಿದೆ ಮಾಡಿದೆ ಅಂತ ಡಂಗುರ ಹೊಡೆಯೋರ ಹತ್ತಿರ ನಾನು ಹೋಗ್ತೀನಾ?"

ಇನ್ನೂ ಎರಡು ಸಲ ಹೇಳಿ ನೋಡಿದಳು. ಇಲ್ಲ ಎಂದಷ್ಟೂ ಅವಳು ದೊಡ್ಡವಳಾಗುತ್ತ ಹೋದಳು. ಭಕ್ತ ಜನರ ನಡುವೆ ಇದೊಂದು ಬೋನು. ಒಳಗೆ ಬಿದ್ದವರಿಗೇ ಗೊತ್ತು.

ಕಂಗಾಲಾಗಿ ಲೀಡರಕ್ಕನ ಹತ್ತಿರ ಹೋಗಿ ಎಲ್ಲವನ್ನೂ ಒದರಿದಳು. ಲೀಡರಕ್ಕ ಬಟ್ಟೆ ಮಡಚುತ್ತಿದ್ದವಳು ಹಾಗೇ ನಿಂತಳು.

"ನಿದ್ದೆ ಮಾಡ್ತಿದ್ಯಾ? ನಮ್ಮಪ್ಪ ಅಲ್ಲಿ ಸಾಯ್ತಿದ್ದಾಗ?"

"ಅಕ್ಕಾ, ನನ್ನದು ತಪ್ಪು. ಆದ್ರೆ ಈಗ ಎಲ್ಲರ ಮುಂದೆ ಹೇಳಿಬಿಡ್ತೀನಿ. ನೀವೂ ಜೊತೆಗಿದ್ರೆ ಆಂಟಿ ನಂಬ್ತಾರೆ."

ಲೀಡರಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು: "ನಮ್ಮಪ್ಪ ಈಗ ಕುಡಿಯೋದು ಬಿಟ್ಟಿದ್ದಾರೆ, ಗೊತ್ತಾ? ಊಟಕ್ಕೆ ಮುಂಚೆ ಕೈ ಮುಗೀತಾರೆ. ಹುಡುಗಿ ಅಳಲಿಲ್ಲ, ಗೊರಕೆ ಹೊಡೀತಿದ್ಳು ಅಂತ ಹೇಗೆ ಹೇಳಲಿ ಅವರಿಗೆ? ಬೇಡ ಚೋಟಿ. ಆಂಟಿಗೆ ನಾನೇ ಬುದ್ಧಿ ಹೇಳ್ತೀನಿ. ನೀನು ಬಾಯಿ ಬಿಡಬೇಡ, ನಿನ್ನ ದಮ್ಮಯ್ಯ."

ಚೋಟಿ ಬಾಯಿ ಬಿಡಲಿಲ್ಲ. ಇಲ್ಲಿ ನನಗೆ ಅವಳ ಮೇಲೆ ಸಿಟ್ಟು ಬರುತ್ತದೆ. ಮೊದಲನೆಯದು ನಿದ್ದೆ, ಯಾರಿಗೂ ಬರುತ್ತದೆ. ಎರಡನೆಯದು ಎಚ್ಚರವಿದ್ದೇ ಮಾಡಿದ್ದು. ಲೀಡರಕ್ಕ ಹೇಳಿದ ಬುದ್ಧಿ ಅಡುಗೆಯಮ್ಮನ ಕಿವಿಗೆ ಇಳಿಯಲಿಲ್ಲ, ಆಪರೇಷನ್ನಿನ ದಿನ ಕಳೆದುಹೋಯಿತು. ನಾಳೆ ಹೇಳಿದರಾಯಿತು, ಭಾನುವಾರ ಕಳೆಯಲಿ, ಪರೀಕ್ಷೆ ಮುಗಿಯಲಿ ಎಂದು ಚೋಟಿ ದಿನ ತಳ್ಳಿದಳು. ತಳ್ಳುತ್ತಲೇ ದಿನಾ ಅಡುಗೆಮನೆಗೆ ಹೋಗಿ ಆ ಗಂಟಿಗಾಗಿ ಪ್ರಾರ್ಥನೆಯನ್ನೂ ಮಾಡಿದಳು. ಇಷ್ಟು ಬೇಡಿಕೊಂಡರೆ ಹಿಂದಿನದಕ್ಕೆ ಸರಿಹೋದೀತು ಎಂಬ ಆಸೆ. ದೇವರ ಜೊತೆ ಚೌಕಾಸಿ!

ಪರೀಕ್ಷೆಗಳ ನಡುವೆ ಒಂದು ದಿನ ತಟ್ಟೆ ಇಡಲು ಹೋದವಳು ನೋಡಿದಳು. ಅಡುಗೆಯಮ್ಮ ಅನ್ನದ ಹಂಡೆಯನ್ನು ಒಲೆಯಿಂದ ಇಳಿಸಲು ಹೆಣಗುತ್ತಿದ್ದರು. ಬಲಗೈ ಭುಜದಿಂದ ಮೇಲೇಳುತ್ತಿರಲಿಲ್ಲ. ಎಡಗೈಯಲ್ಲೇ ಹಿಡಿಕೆಯನ್ನು ಎಳೆದು, ಹಲ್ಲು ಕಚ್ಚಿ, ಹಂಡೆಯನ್ನು ಹೊಟ್ಟೆಗೆ ಆನಿಸಿಕೊಂಡು ಕೆಳಗಿಟ್ಟರು. ಚೋಟಿಯನ್ನು ಕಂಡು ಬೆವರು ಒರೆಸಿಕೊಂಡರು.

"ಸ್ವಲ್ಪ ಕಡಿಮೆ ಆಗಿದೆ ಕಣೇ. ನಿನ್ನ ಪ್ರಾರ್ಥನೆ ನಾಟ್ತಾ ಇದೆ."

ಚೋಟಿಗೆ ಇನ್ನು ತಡೆಯಲಾಗಲಿಲ್ಲ. ಅಡುಗೆಮನೆಯ ನೆಲದ ಮೇಲೆಯೇ ಕುಸಿದು ಕೂತು ಹೇಳಿದಳು. "ಆಂಟಿ, ಕೇಳಿ. ಅವತ್ತು ನೀವು ಆಲೂಗಡ್ಡೆ ಹುರಿದಿದ್ರಿ, ಎರಡು ಸೌಟು ಜಾಸ್ತಿನೇ ಬಡಿಸಿದ್ರಿ. ಹೊಟ್ಟೆಬಿರಿಯ ತಿಂದಿದ್ದೆ. ಕುರ್ಚಿ ಮೇಲೆ ತಲೆ ಇಟ್ಟು ಮಲಗಿಬಿಟ್ಟೆ. ಕನಸಲ್ಲೂ ತಿಂತಾನೇ ಇದ್ದೆ. ಕುರ್ಚಿ ಮೇಲಿದ್ದಿದ್ದು ಕಣ್ಣೀರಲ್ಲ ಆಂಟಿ. ಜೊಲ್ಲು. ನಾನು ಜೊಲ್ಲು ಸುರಿಸ್ಕೊಂಡು ಮಲಗಿದ್ದೆ."

ಅಡುಗೆಯಮ್ಮನ ಮುಖದ ನಗು ನಿಧಾನವಾಗಿ ಆರಿತು. ದೀನತೆಯಿಂದ ಜನ ಏನು ಬೇಕಾದರೂ ಹೇಳಿಯಾರು, ಜೊಲ್ಲಿನ ಮಾತು ಹೇಳಲಾರರು.

"ಡಾಕ್ಟ್ರು ದಿನ ಕೊಟ್ಟಿದ್ರು," ಎಂದರು. "ನಾನು ಬಿಟ್ಟೆ. ಯಾರನ್ನ ನಂಬಿ ಬಿಟ್ಟೆ ನಾನು?" ದನಿ ಏರಿತು. "ದಿನಾ ಬಂದು ತಲೆ ಮೇಲೆ ಕೈ ಇಡ್ತಿದ್ದೆಯಲ್ಲೇ! ಅವಾಗಾದ್ರೂ ಹೇಳೋಕೆ ಏನಾಗಿತ್ತು ನಿನಗೆ ದೊಡ್ಡರೋಗ? ಏಳು. ಕಣ್ಣ ಮುಂದೆ ನಿಲ್ಲಬೇಡ, ಹೋಗು!"

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಚೋಟಿಗೆ ಆ ಒದೆ ಬೇಕಾಗಿತ್ತು, ಬಿದ್ದಾಗ ತಡೆದುಕೊಳ್ಳಲು ಮಾತ್ರ ಆಗಲಿಲ್ಲ. ಆಂಟಿಗೆ ಎಲ್ಲ ಹೇಳಿಬಿಟ್ಟೆ ಎಂದು ಸಂಜೆ ಲೀಡರಕ್ಕನಿಗೂ ತಿಳಿಸಿದಳು. ಅವಳು ಮುಖ ತಿರುಗಿಸಿ ಹೋದವಳು ಮತ್ತೆ ಮಾತಾಡಲಿಲ್ಲ. ಗುಂಪಿನ ಪ್ರಾರ್ಥನೆಯಲ್ಲಿ ಚೋಟಿಯ ಪಕ್ಕದ ಜಾಗ ಖಾಲಿ ಉಳಿಯತೊಡಗಿತು.

ಅಡುಗೆಯಮ್ಮ ಮೆಸ್ಸಿನಲ್ಲಿ ಅವಳ ತಟ್ಟೆಗೆ ಬಡಿಸುವಾಗ ಮುಖ ಎತ್ತುತ್ತಿರಲಿಲ್ಲ. ಹಾಗೆ ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಒಗೆದ ಸೀರೆಯುಟ್ಟು, ಕೈಚೀಲ ಹಿಡಿದು, ಅವಳ ಕೋಣೆಯ ಬಾಗಿಲಿಗೆ ಬಂದು ನಿಂತರು. "ಆಸ್ಪತ್ರೆಗೆ ಹೊರಟಿದ್ದೀನಿ. ಒಬ್ಬಳೇ ಹೋಗೋಕೆ ಭಯ. ಚಪ್ಪಲಿ ಹಾಕ್ಕೋ," ಎಂದರು.

ಡಾಕ್ಟರಮ್ಮ ಬಹಳ ಹೊತ್ತು ಪರೀಕ್ಷಿಸಿದರು. ಹಳೆಯ ಚೀಟಿ ನೋಡಿದರು, ಕಂಕುಳನ್ನು ಒತ್ತಿ ನೋಡಿದರು, ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅವತ್ತೇ ಬಂದಿದ್ರೆ ಗಂಟು ತೆಗೆದು ಕಳಿಸ್ತಿದ್ದೆ. ಈಗ ಕಂಕುಳಿಗೂ ಹರಡಿದೆ. ಇನ್ನೆಲ್ಲಿ ಹೋಗಿದೆಯೋ ಸ್ಕ್ಯಾನ್ ಮಾಡಿ ನೋಡಬೇಕು. ಇಷ್ಟು ದಿನ ಏನ್ ಮಾಡ್ತಿದ್ರಿ ಅಮ್ಮಾ? ಯಾರಾದ್ರೂ ಬೇಡ ಅಂದ್ರಾ?"

ಚೋಟಿ ಮುಂದಕ್ಕೆ ಬಾಗಿದಳು. "ಡಾಕ್ಟ್ರೇ, ನನ್ನಿಂದಾನೇ..."

ಮೇಜಿನ ಕೆಳಗೆ ಅಡುಗೆಯಮ್ಮನ ಎಡಗೈ ಅವಳ ಮಣಿಕಟ್ಟನ್ನು ನೋಯುವಷ್ಟು ಬಿಗಿಯಾಗಿ ಹಿಡಿಯಿತು.

"ಹಾಸ್ಟೆಲಲ್ಲಿ ಪರೀಕ್ಷೆ ಸಮಯ ಡಾಕ್ಟ್ರೇ," ಎಂದರು ಅಡುಗೆಯಮ್ಮ. "ಅಷ್ಟು ಮಕ್ಕಳನ್ನ ಉಪವಾಸ ಕೆಡವಿ ಹೇಗೆ ಬರಲಿ? ನಾನೇ ಮುಂದೂಡಿದೆ. ಯಾರೂ ಏನೂ ಅನ್ನಲಿಲ್ಲ."

ಸ್ಕ್ಯಾನಿನ ಕೋಣೆಯ ಹೊರಗೆ ಉದ್ದನೆಯ ಬೆಂಚಿನ ಮೇಲೆ ಇಬ್ಬರೂ ಕೂತರು. ಗೋಡೆಯ ಆಚೆ ಯಂತ್ರ ಗುಂಯ್ಗುಡುತ್ತಿತ್ತು. ಚೋಟಿ ಕೇಳಿದಳು: "ಯಾಕೆ ಸುಳ್ಳು ಹೇಳಿದ್ರಿ ಆಂಟಿ?"

"ನಿಜ ಹೇಳಿದ್ರೆ ಇದು ಕರಗುತ್ತಾ? ನೀನಿನ್ನೂ ಬಾಳಿ ಬದುಕಬೇಕಾದವಳು. ಇದನ್ನ ಹೊರಿಸಿ ಕಳಿಸಲಾ?" ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು: "ಹಾಗಂತ ಸಿಟ್ಟು ಹೋಗಿದೆ ಅನ್ಕೋಬೇಡ. ಹೊಟ್ಟೇಲಿ ಬೆಂಕಿ ಬಿದ್ದ ಹಾಗಿದೆ ನನಗೆ. ಸಾಯೋ ಭಯಾನೂ ಇದೆ."

ಚೋಟಿ ಅತ್ತಳು. ಬಿಕ್ಕಳಿಕೆ ತಡೆಯಲು ದುಪಟ್ಟಾ ಕಚ್ಚಿಕೊಂಡಳು. ಅಡುಗೆಯಮ್ಮ ಅವಳನ್ನು ಸಮಾಧಾನ ಮಾಡಲಿಲ್ಲ.

"ಈಗ ಪ್ರಾರ್ಥನೆ ಮಾಡು," ಎಂದರು ಕೊನೆಗೆ. "ನನಗೆ ಕೇಳಿಸೋದು ಬೇಡ. ಅವನಿಗೆ ಕೇಳಿದ್ರೆ ಸಾಕು."

ಚೋಟಿ ತಲೆ ಬಾಗಿಸಿದಳು. ಚಿಕ್ಕಂದಿನಿಂದ ನಾಲಿಗೆಯ ತುದಿಯಲ್ಲೇ ಇದ್ದ ಮಾತುಗಳು ಒಂದೂ ಬರಲಿಲ್ಲ. ಕೇಳುವವನು ಇದ್ದಾನೋ ಇಲ್ಲವೋ ಎಂಬ ಪ್ರಶ್ನೆ ಹಾಗೇ ಇತ್ತು, ಇನ್ನೂ ದೊಡ್ಡದಾಗಿ ಇತ್ತು. ಬಹಳ ಹೊತ್ತಿನ ಮೇಲೆ ಒಂದೇ ಒಂದು ಮಾತು ಹೊರಬಂತು.

"ತಪ್ಪಾಯ್ತು."

ದೇವರಿಗೆ ಹೇಳಿದಳೋ, ಪಕ್ಕದಲ್ಲಿ ಕೂತವರಿಗೆ ಹೇಳಿದಳೋ, ಅವಳಿಗೇ ತಿಳಿಯಲಿಲ್ಲ. ಕೋಣೆಯ ಬಾಗಿಲು ತೆರೆದು ನರ್ಸು ಒಳಗೆ ಬರುವಂತೆ ಕರೆದಳು. ಅಡುಗೆಯಮ್ಮ ಕೈಚೀಲವನ್ನು ಚೋಟಿಯ ಮಡಿಲಲ್ಲಿ ಇಟ್ಟು, "ಆಮೆನ್" ಎಂದು ಎದ್ದು ಒಳಗೆ ಹೋದರು.