ಊಟದ ಸೀಟಿ

ನಾನು ಒಂದು ಸೀಟಿ. ಬಸ್ ಕಂಡಕ್ಟರನದಲ್ಲ, ಯುದ್ಧನೌಕೆಯದು. ಹಿತ್ತಾಳೆಯಲ್ಲಿ ಹುಟ್ಟಿದೆ, ಬಾಗಿದ ಕೊಳವೆ, ತುದಿಗೊಂದು ಗುಂಡು, ಅಷ್ಟೇ ನನ್ನ ರೂಪ. ಧ್ವನಿವರ್ಧಕ ಬಂದರೂ ಹಡಗಿನವರು ಹಳೆಯ ಪದ್ಧತಿ ಬಿಟ್ಟಿಲ್ಲ. ಏಳಲು ಒಂದು ರಾಗ, ಊಟಕ್ಕೆ ಒಂದು, ಜಾಗ ಬಿಟ್ಟು ಓಡಲು ಇನ್ನೊಂದು. ಎಲ್ಲಕ್ಕೂ ನನ್ನದೊಂದೇ ಗಂಟಲು.

ನನ್ನನ್ನು ಕೊರಳಿಗೆ ಹಾಕಿಕೊಂಡವನು ಅಂಕೋಲೆಯ ಜಟ್ಟಿ ಹರಿಕಂತ್ರ. ಮೊದಲ ದಿನ ಊದಿದಾಗ ಮೇಲಧಿಕಾರಿ ಕಿವಿ ಮುಚ್ಚಿಕೊಂಡು, "ಏನಯ್ಯಾ, ಬೆಕ್ಕಿನ ಬಾಲ ತುಳಿದೆಯಾ?" ಎಂದಿದ್ದರು. ಊಟದ ರಾಗ ಮಾತ್ರ ಅವನಿಗೆ ಎರಡೇ ದಿನಕ್ಕೆ ಒಲಿಯಿತು. ಅದಕ್ಕೆ ಎಲ್ಲರೂ ತಟ್ಟೆ ಬಡಿಯುತ್ತ ಓಡಿ ಬರುವರು. ಎಂಜಿನ್ ಕೋಣೆಯ ವರ್ಕಿ ಮಾತ್ರ ಯಾವಾಗಲೂ ಕೊನೆಗೆ. "ನೀವು ಮೊದಲು ತಿನ್ನಿ ಮಾರಾಯ್ರೇ, ಪಾತ್ರೆಯ ತಳ ನನ್ನದು" ಎನ್ನುವನು.

ಯುದ್ಧದ ಮೂರನೆಯ ದಿನ ಶೆಲ್ ಬಡಿಯಿತು. ದೀಪ ಆರಿತು. ಎಂಜಿನ್ ಕೋಣೆಗೆ ಬೆಂಕಿ. ಒಳಗೆ ಒಂಬತ್ತು ಜನ. ಹೊಗೆಯಲ್ಲಿ ಬಾಗಿಲು ಯಾವ ಕಡೆಯೆಂದು ಅವರಿಗೆ ಕಾಣದು.

"ಎರಡೇ ನಿಮಿಷ. ಆಮೇಲೆ ಬಾಗಿಲು ಹಾಕಲೇಬೇಕು, ಇಲ್ಲದಿದ್ದರೆ ಹಡಗೇ ಹೋಗುತ್ತೆ!" ಮೇಲಧಿಕಾರಿ ಕೂಗಿದರು.

ಜಟ್ಟಿ ಮೂಗಿಗೆ ಒದ್ದೆ ಟವೆಲು ಸುತ್ತಿಕೊಂಡು ಏಣಿ ಇಳಿದು ಬಾಗಿಲಲ್ಲಿ ನಿಂತ. ಅವನ ಎದೆ ನನ್ನನ್ನು ಗುದ್ದುತ್ತಿತ್ತು. ಕರಗಿಹೋಗುತ್ತೇನೆಂಬ ಹೆದರಿಕೆ ನನಗೆ, ಸತ್ತೇಹೋಗುತ್ತೇನೆಂಬುದು ಅವನಿಗೆ. ಊದಬೇಕಾದದ್ದು ಓಡಿಹೋಗುವ ರಾಗ. ಬೆರಳಿಗೆ ಬಂದದ್ದು ಊಟದ್ದು.

ಒಬ್ಬೊಬ್ಬರೇ ಸದ್ದು ಹಿಡಿದು ತೆವಳಿ ಬಂದರು. "ಹುಚ್ಚಾ, ಈಗೆಂಥ ಊಟವೋ!" ಒಬ್ಬ ಅಳುತ್ತಲೇ ಬೈದ. ಎಂಟನೆಯವನು ಕೆಮ್ಮುತ್ತ, "ವರ್ಕಿ... ನೀನು ಮೊದಲು ಹೋಗು ಅಂತ ತಳ್ಳಿದ" ಎಂದ. ಜಟ್ಟಿ ಮತ್ತೆ ಊದಿದ. ಮತ್ತೆ ಊದಿದ. ಮೇಲಿನಿಂದ ಕೂಗು ಬಂತು. ಬಾಗಿಲನ್ನು ಅವನೇ ಹಾಕಿದ. ಒಳಗಿನಿಂದ ಯಾರೋ ತಟ್ಟೆ ಬಡಿದ ಹಾಗೆ ಕೇಳಿಸಿತು. ನನಗೂ ಕೇಳಿಸಿತು.

ಸಮಯಪ್ರಜ್ಞೆಗೆಂದು ಪದಕ ಕೊಟ್ಟರು. ಬಡ್ತಿ ಬಂತು, ತರಬೇತಿ ಶಾಲೆಯಲ್ಲಿ ಗುರುವಾದ. ಇಪ್ಪತ್ತು ವರ್ಷ ಎಲ್ಲ ರಾಗ ಕಲಿಸಿದ. ಊಟದ್ದು ಬಂದರೆ, "ಅದನ್ನು ಬೇರೆಯವರ ಹತ್ತಿರ ಕಲೀರಿ" ಎನ್ನುವನು. ಹುಡುಗರು ಅವನ ಗಡಸು ದನಿಯನ್ನೇ ಅಣಕಿಸಿ ನಗುವರು.

ಈಗ ಅಂಕೋಲೆಯ ಮನೆಯಲ್ಲಿ ಮೊಳೆಗೆ ತೂಗುತ್ತಿದ್ದೇನೆ. ಕಡಲ ಗಾಳಿ ಬಾಯಿಗೆ ನುಗ್ಗಿದರೆ ಆ ರಾಗವೇ ಹೊರಟೀತೆಂದು ಇಂದಿಗೂ ಹೆದರುತ್ತೇನೆ.

"ಅಪ್ಪಾ, ಅನ್ನ ತಣ್ಗಾತು, ಉಣ್ಣೂಕೆ ಬಾ," ಮಗಳು ಕರೆಯುತ್ತಾಳೆ.

"ತಡಿ ತಂಗಿ, ಇನ್ನೂ ಒಬ್ಬ ಬರೂದದೆ," ಜಟ್ಟಿ ಮಗಳಿಗೆ ಹೇಳುತ್ತಾನೆ.

ಅವಳು ಪಾತ್ರೆಯ ತಳದಲ್ಲಿ ಒಂದು ಸೌಟು ಉಳಿಸಿ ಬಡಿಸುತ್ತಾಳೆ.