ಜೋಡಿ ಇಲ್ಲದ ಪಾಠ

ಸರ್ಕಾರಗಳು ಬೀಳುತ್ತವೆ, ಏಳುತ್ತವೆ, ಅದು ಇದ್ದದ್ದೇ. ಆದರೆ ಆ ಗುರುವಾರ ಸಂಜೆ ಕೊರಿಯನ್ ಭಾಷೆಯ ತರಗತಿಯಲ್ಲಿ ನಡೆದದ್ದು ಅವೆಲ್ಲವನ್ನೂ ಮೀರಿದ ಸಂಗತಿ. ಟೀಚರ್ ಒಳಗೆ ಬಂದವಳೇ, "ಇವತ್ತು ಜೋಡಿ ಬೇಡ, ಒಬ್ಬೊಬ್ಬರೇ ಕೂತ್ಕೊಳ್ಳಿ" ಎಂದುಬಿಟ್ಟಳು.

ಎಕ್ಸ್‌ರೇ ಮೇಡಂ ಒಲ್ಲದ ಮನಸ್ಸಿನಿಂದ ಬೇರೆ ಮೇಜಿಗೆ ಹೋಗಿ ಕೂತಳು. ಆಕೆ ಸೇರಿದ್ದೇ ಜೋಡಿಗಾಗಿ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಗಾಜಿನ ಹಿಂದೆ ನಿಂತು "ಉಸಿರು ಎಳ್ಕೊಳ್ಳಿ, ಹಿಡೀರಿ, ಬಿಡಿ" ಎನ್ನುವುದಷ್ಟೇ ಆಕೆಯ ದಿನದ ಮಾತುಕತೆ. ಉಸಿರು ಹಿಡಿದವರು ಮರುಮಾತಾಡುವುದಿಲ್ಲ. ಬಿಟ್ಟವರು ಅಂಗಿ ಹುಡುಕುತ್ತಾರೆ. ಮನೆಯಲ್ಲಿ ಗೊಣಗಲು ಒಂದು ಫ್ರಿಜ್ಜಿತ್ತು, ರಿಪೇರಿಯಾದ ಮೇಲೆ ಅದೂ ಬಾಯಿ ಮುಚ್ಚಿತ್ತು. ಸಂಜೆ ತರಗತಿಗಳ ಪಟ್ಟಿಯಲ್ಲಿ ಇದ್ದದ್ದು ಈಜು, ಕಸೂತಿ, ಕೊರಿಯನ್. ಈಜಿನಲ್ಲಿ ಬಾಯಿ ತೆರೆದರೆ ನೀರು, ಕಸೂತಿಯಲ್ಲಿ ಬಾಯಲ್ಲಿ ದಾರ. ಉಳಿದದ್ದು ಒಂದೇ.

ಜೋಡಿಯಾಗಿ ಸಿಕ್ಕಿದ್ದು ಬೇಕರಿಯವರು. ಕೊರಿಯಾದ ಸೊಸೆ ಫೋನಿನಲ್ಲಿ ತನ್ನ ತಾಯಿಗೆ ಮಾವನ ಬಗ್ಗೆ ಏನು ಹೇಳುತ್ತಾಳೋ ತಿಳಿಯಬೇಕೆಂಬುದು ಅವರ ವಿದ್ಯಾದಾಹ. ಹನ್ನೊಂದು ವಾರ ಇಬ್ಬರೂ ಒಬ್ಬರಿಗೊಬ್ಬರು ಸೇಬು ಮಾರಿದ್ದರು, ಸ್ಟೇಷನ್ನಿಗೆ ದಾರಿ ತೋರಿಸಿದ್ದರು, ಜ್ವರಕ್ಕೆ ಮಾತ್ರೆ ಬರೆದುಕೊಟ್ಟಿದ್ದರು. ಪುಸ್ತಕದ ಆಚೆಗೆ ಒಂದು ಮಾತೂ ಇಲ್ಲ. ಎದುರಿನ ಅಂಗಡಿಗೆ ಟೀ ಕುಡಿಯಲು ಕರೆಯಬೇಕೆಂದು ಆಕೆ ಆರು ವಾರದಿಂದ ಅಂದುಕೊಳ್ಳುತ್ತಲೇ ಇದ್ದಳು. ಇವತ್ತು ಕೊನೆಯ ತರಗತಿ. ಇವತ್ತು ಕರೆಯದಿದ್ದರೆ ಇನ್ನಿಲ್ಲ.

"ಇವತ್ತಿನ ಪಾಠ ಇನ್ನೊಬ್ರಿಗೆ ಹೇಳೋ ಮಾತಲ್ಲ," ಟೀಚರ್ ವಿವರಿಸಿದಳು. "'ಬೇಗ ಮಲಗ್ಬೇಕಪ್ಪಾ' ಅಂತ ನಮಗೆ ನಾವೇ ಅಂದ್ಕೊಳ್ತೀವಲ್ಲ, ಅದು. ಎಲ್ರೂ ಒಂದೊಂದು ಹೇಳಿ."

ಬ್ಯಾಂಕಿನವನು ತೂಕ ಇಳಿಸಬೇಕೆಂದು ಅಪ್ಪಣೆ ಹೊರಡಿಸಿದ. ಬೇಕರಿಯವರು ಡಾಕ್ಟರಿಗೆ ಹಲ್ಲು ತೋರಿಸಿಕೊಂಡು ಬರಬೇಕೆಂದು ಭಾಷಣವನ್ನೇ ಬಿಗಿದರು.

"ಗದರ್ಬೇಡಿ ಸಾರ್. ಕೋಣೇಲಿ ಯಾರೂ ಇಲ್ಲ ಅಂದ್ಕೊಳ್ಳಿ."

"ಯಾರೂ ಇಲ್ದಿದ್ರೆ ನಾನ್ಯಾಕಮ್ಮ ಬಾಯಿ ನೋಯಿಸ್ಕೊಳ್ಲಿ?"

ಎಲ್ಲರೂ ನಕ್ಕರು. ಎಕ್ಸ್‌ರೇ ಮೇಡಂ ನಗಲಿಲ್ಲ. ಸರದಿ ಬಂದಾಗ ಮೇಜಿನ ಮೇಲಿನ ಗೀರೊಂದನ್ನು ನೋಡುತ್ತ, ಮೆಲ್ಲಗೆ ಕೊರಿಯನ್ನಿನಲ್ಲಿ ಅಂದಳು: ಇವತ್ತಾದರೂ ಟೀಗೆ ಕರೆಯಬೇಕು.

ಟೀಚರ್ ಪೆನ್ನು ಕೆಳಗಿಟ್ಟಳು. "ಅಯ್ಯೋ, ಎಷ್ಟು ಸಹಜವಾಗಿದೆ! ಮನೇಲಿ ತುಂಬ ಅಭ್ಯಾಸ ಮಾಡ್ತೀರಾ ಮೇಡಂ?"

"ಹೂಂ. ತುಂಬ."

"ಇನ್ನೊಂದ್ಸಲ ಹೇಳಿ. ಎಲ್ರೂ ಬರ್ಕೊಳ್ಳಿ."

ಆಕೆ ಮೂರು ಸಲ ಹೇಳಿದಳು. ಬೇಕರಿಯವರು ನಾಲಗೆ ಕಚ್ಚಿಕೊಂಡು ಅಕ್ಷರ ಅಕ್ಷರ ಬರೆದುಕೊಂಡರು.

ಹೊರಗೆ ಮೆಟ್ಟಿಲ ಮೇಲೆ ನಿಂತು ಅವರು ನೋಟ್‌ಬುಕ್ ತೆರೆದರು. ಎದುರಿನ ಟೀ ಅಂಗಡಿಯಲ್ಲಿ ಕಿಟಕಿ ಪಕ್ಕದ ಮೇಜು ಖಾಲಿಯಿತ್ತು.

"ಬರ್ಕೊಳ್ಳೋದೇನೋ ಬರ್ಕೊಂಡೆ ಮೇಡಂ, ತಲೆಬುಡ ತಿಳೀಲಿಲ್ಲ. ಏನು ಮಾಡ್ಬೇಕು ಅಂದ್ರಿ?"

ಆಕೆ ಉಸಿರು ಎಳೆದುಕೊಂಡಳು, ಹಿಡಿದಳು, ಬಿಟ್ಟಳು.

"ಅದಾ? ಪರದೆ ಒಗೀಬೇಕು ಅಂದೆ."

"ಓ, ಪರದೆ! ಒಗೆದುಬಿಡಿ ಮತ್ತೆ, ಈ ವಾರ ಒಳ್ಳೇ ಬಿಸಿಲಿದೆ" ಎಂದು ಅವರು ಬಸ್ಸಿಗೆ ಓಡಿದರು.

ಭಾನುವಾರ ಆಕೆ ಪರದೆಗಳನ್ನು ಒಗೆದಳು.